ಸಾಧು ಕುದುರೆಯನ್ನು ಮಾರುವ ಬಗೆ: ಒಂದು ಟೆನೆಸೀ ವಾಕರ್ ಮಾರಾಟದ ಅನುಭವದಿಂದ

ಅಮೆರಿಕದಲ್ಲಿ ಕುದುರೆ ಮಾರಾಟದ ಯಾವ ಜಾಹೀರಾತನ್ನು ತೆರೆದು ನೋಡಿದರೂ ಅಲ್ಲಿನ ಕುದುರೆ ಸಾಧುವಾಗಿಯೇ ಇರುತ್ತದೆ. ಟೆನೆಸೀ ರಾಜ್ಯದ ನಡುಭಾಗದಲ್ಲಿ ಐದು ಎಕರೆ ಜಾಗ ಮಾಡಿಕೊಂಡು ಮೊದಲ ಕುದುರೆಯನ್ನು ಕೊಂಡಾಗ ನಾನೂ ಆ ಪದವನ್ನು ನಂಬಿದ್ದೆ. ಮಾರಿದವರ ಅಂಗಳದಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದ ಪ್ರಾಣಿ ನಮ್ಮ ಮನೆಗೆ ಬಂದ ಮೂರನೆಯ ದಿನ ನನ್ನನ್ನು ಬೇಲಿಗೆ ಒತ್ತರಿಸಿ ಓಡಿತು. ಮೊದಲ ದಿನ ಕಂಡ ಶಾಂತಿ ಮಂಪರಿನ ಮದ್ದಿನದಾಗಿತ್ತೆಂಬುದು ನನ್ನ ಅನುಮಾನ. ಆದರೆ ಕೊಳ್ಳುವ ಮೊದಲು ರಕ್ತಪರೀಕ್ಷೆ ಮಾಡಿಸದ ಕಾರಣ ಅದು ಅನುಮಾನವಾಗಿಯೇ ಉಳಿಯಿತು. ಆದ್ದರಿಂದ ಮಗಳು ಕಾಲೇಜಿಗೆಂದು ಊರು ಬಿಟ್ಟ ಮೇಲೆ ಅವಳ ಐದು ವರ್ಷದ, ಟೆನೆಸೀ ವಾಕರ್ ಎಂಬ ಸವಾರಿ ತಳಿಯ ಹೆಣ್ಣುಕುದುರೆ ಹೇಮಾವತಿಯನ್ನು ಮಾರಬೇಕಾಗಿ ಬಂದಾಗ, ಜಾಹೀರಾತಿನಲ್ಲಿ ಸಾಧು ಎಂಬ ಪದವನ್ನೇ ಬಳಸಬಾರದು, ಅದರ ಬದಲು ಕುದುರೆ ಏನೇನು ಮಾಡುತ್ತದೆ ಎಂಬುದನ್ನು ಬರೆಯಬೇಕು ಎಂದು ನಿಶ್ಚಯಿಸಿದೆ. ಮುಂದಿನ ಹಂತಗಳೆಲ್ಲ ಆ ನಿಶ್ಚಯದಿಂದಲೇ ಹುಟ್ಟಿದವು. ಇಲ್ಲಿ ಒಂದೆರಡು ಕುದುರೆ ಸಾಕಿಕೊಂಡಿರುವ ಕನ್ನಡಿಗರಿಗೆ ಇವು ನೇರವಾಗಿ ಉಪಯೋಗಕ್ಕೆ ಬರಬಹುದು.

ಮೊದಲ ಹಂತ: ಕುದುರೆ ಯಾರ ಕೈಯಲ್ಲಿ ಸಾಧು ಎಂದು ತಿಳಿಯಿರಿ

ನಿಮ್ಮ ಕುದುರೆ ನಿಮ್ಮೊಂದಿಗೆ ಸಾಧುವಾಗಿರುವುದರಲ್ಲಿ ಹೆಚ್ಚುಗಾರಿಕೆಯೇನಿಲ್ಲ, ಏಕೆಂದರೆ ನಿಮ್ಮ ಹೆಜ್ಜೆಯ ಸದ್ದು, ನೀವು ಜೀನು ಹಾಕುವ ಕ್ರಮ, ನೀವು ಕೂರುವ ಭಾರ ಎಲ್ಲವೂ ಅದಕ್ಕೆ ರೂಢಿಯಾಗಿರುತ್ತವೆ. ಕೊಳ್ಳುವವರಿಗೆ ಬೇಕಾಗಿರುವುದು ಅಪರಿಚಿತರ ಕೈಯಲ್ಲಿ ಅದು ಹೇಗಿರುತ್ತದೆ ಎಂಬ ಮಾಹಿತಿ. ಜಾಹೀರಾತು ಹಾಕುವ ಆರು ವಾರ ಮೊದಲೇ, ಸವಾರಿ ಬಲ್ಲ ಇಬ್ಬರು ಮೂವರು ಪರಿಚಯಸ್ಥರನ್ನು ಕರೆದು, ಅವರಿಂದಲೇ ಹುಲ್ಲುಗಾವಲಿನಲ್ಲಿ ಹಿಡಿಸಿ, ಜೀನು ಕಟ್ಟಿಸಿ, ಸವಾರಿ ಮಾಡಿಸಿ. ನೀವು ದೂರದಲ್ಲಿ ನಿಂತು ಬರೆದುಕೊಳ್ಳಿ.

ನಮ್ಮ ಹೇಮಾಳ ವಿಷಯದಲ್ಲಿ ಈ ಪರೀಕ್ಷೆಯ ಮೊದಲ ದಿನವೇ ಒಂದು ಲೋಪ ಹೊರಬಿತ್ತು. ಪಕ್ಕದ ಜಮೀನಿನ ಅನುಭವಿ ಸವಾರರೊಬ್ಬರು ಹತ್ತಿ ಒಂದು ಸುತ್ತು ಬಂದು, ನಿಲ್ಲಿಸಲು "ವೋ" ಎಂದರು. ಕುದುರೆ ಕಿವಿಯನ್ನು ಹಿಂದಕ್ಕೆ ತಿರುಗಿಸಿ ಕೇಳಿಸಿಕೊಂಡಿತೇ ಹೊರತು ನಿಲ್ಲಲಿಲ್ಲ. ಅವರು ಲಗಾಮನ್ನು ಎಳೆದು, ಮತ್ತೆ "ವೋ" ಎಂದು, ಮುಖ ಕೆಂಪಾಗಿಸಿಕೊಂಡು ಬೇಲಿಯ ಮೂಲೆಗೆ ತಿರುಗಿಸಿ ನಿಲ್ಲಿಸಬೇಕಾಯಿತು. ಕಾರಣ ನಮಗೆ ಆಮೇಲೆ ಹೊಳೆಯಿತು: ನಾನೂ ಮಗಳೂ ಮರಿಯಿದ್ದಾಗಿನಿಂದ ಅದಕ್ಕೆ ಹೇಳುತ್ತ ಬಂದದ್ದು "ನಿಲ್ಲು". ಇಂಗ್ಲಿಷಿನ ಪದವನ್ನು ಅದು ಎಂದೂ ಕಲಿತಿರಲಿಲ್ಲ. ಮುಂದಿನ ನಾಲ್ಕು ವಾರ ಎರಡೂ ಪದಗಳನ್ನು ಒಟ್ಟಿಗೆ ಹೇಳಿ, ಕ್ರಮೇಣ ಕನ್ನಡದ್ದನ್ನು ಬಿಡುತ್ತ ಬಂದೆವು. ನಿಮ್ಮ ಮನೆಯಲ್ಲಿ ಭಾಷೆಯ ತೊಡಕು ಇಲ್ಲದಿರಬಹುದು, ಆದರೆ ನಾಲಿಗೆ ಚಪ್ಪರಿಸುವುದು, ಹಿಮ್ಮಡಿ ತಾಗಿಸುವ ಜಾಗ, ಲಗಾಮು ಹಿಡಿಯುವ ಎತ್ತರ ಇಂಥವುಗಳಲ್ಲಿ ನಿಮ್ಮದೇ ಆದ ರೂಢಿಗಳು ಇದ್ದೇ ಇರುತ್ತವೆ, ಅವು ಇನ್ನೊಬ್ಬರು ಹತ್ತಿದಾಗ ಮಾತ್ರ ಕಾಣಿಸಿಕೊಳ್ಳುತ್ತವೆ.

ಕಾಡುಹಾದಿಯ ಸವಾರಿಗೆಂದು ಮಾರುವ ಕುದುರೆಯಲ್ಲಿ ಪರೀಕ್ಷಿಸಬೇಕಾದ ಬೇರೆ ವಿಷಯಗಳೂ ಇವೆ. ಹತ್ತುವಾಗ ಅಲುಗದೆ ನಿಲ್ಲುತ್ತದೆಯೇ, ಹರಿಯುವ ನೀರನ್ನು ದಾಟುತ್ತದೆಯೇ, ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ಲಿಗೆ ಏನು ಮಾಡುತ್ತದೆ, ಸಾಲಿನ ಮುಂದೆಯೂ ಕೊನೆಯಲ್ಲಿಯೂ ಒಂದೇ ರೀತಿ ನಡೆಯುತ್ತದೆಯೇ, ಕುದುರೆ ಸಾಗಿಸುವ ಟ್ರೇಲರ್‌ಗೆ ಕಟ್ಟಿದರೆ ಗಂಟೆಗಟ್ಟಲೆ ತಾಳ್ಮೆಯಿಂದ ಇರುತ್ತದೆಯೇ ಎಂಬುವನ್ನೆಲ್ಲ ನೋಡಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು, ಜೊತೆಯ ಕುದುರೆಗಳನ್ನು ಬಿಟ್ಟು ಒಂಟಿಯಾಗಿ ಹೋಗಲು ಒಪ್ಪುತ್ತದೆಯೇ ಎಂಬುದು. ಗುಂಪಿನಲ್ಲಿ ಬಂಗಾರದಂತಿರುವ ಎಷ್ಟೋ ಎಳೆಯ ಕುದುರೆಗಳು ಒಂಟಿಯಾಗಿ ಕಾಲು ಮೈಲಿ ಹೋಗುವಷ್ಟರಲ್ಲಿ ಕೆನೆಯುತ್ತ ಹಿಂದಿರುಗಲು ಹವಣಿಸುತ್ತವೆ. ನಾವು ಹೇಮಾಳನ್ನು ಟೆನೆಸೀ ಮತ್ತು ಕೆಂಟಕಿ ಗಡಿಯ ಬಿಗ್ ಸೌತ್ ಫೋರ್ಕ್ ಅರಣ್ಯಪ್ರದೇಶಕ್ಕೆ ಎರಡು ಸಲ ಕರೆದೊಯ್ದು ಹೊಳೆ ದಾಟಿಸಿದೆವು. ಮೊದಲ ಸಲ ದಂಡೆಯಲ್ಲಿ ಹತ್ತು ನಿಮಿಷ ಮೂಸುತ್ತ ನಿಂತಿತು, ಎರಡನೆಯ ಸಲ ನೇರವಾಗಿ ಇಳಿಯಿತು. ಜಾಹೀರಾತಿನಲ್ಲಿ ನಾನು ಬರೆದದ್ದೂ ಇಷ್ಟನ್ನೇ, ಹತ್ತು ನಿಮಿಷವನ್ನೂ ಸೇರಿಸಿ.

ಎರಡನೆಯ ಹಂತ: ನಡಿಗೆಯನ್ನು ಸರಿಯಾಗಿ ಗುರುತಿಸಿ

ಕುದುರೆ ಎಂದರೆ ನಮಗೆ ಕುಣಿಗಲ್ ಸ್ಟಡ್ ಫಾರ್ಮ್ ಮತ್ತು ಬೆಂಗಳೂರಿನ ರೇಸ್ ಕೋರ್ಸ್ ನೆನಪಾಗುತ್ತವೆ. ಅಲ್ಲಿಯ ಥರೋಬ್ರೆಡ್ ತಳಿಯ ಕುದುರೆಗಳು ನಡಿಗೆಯ ನಂತರ ಟ್ರಾಟ್ ಎಂಬ, ಸವಾರನನ್ನು ಕುಕ್ಕುವ ಎರಡು ತಾಳದ ಓಟಕ್ಕೆ ಏರುತ್ತವೆ. ಕೆಲವು ತಳಿಗಳು ಮಾತ್ರ ಟ್ರಾಟಿನ ಬದಲು ಕುಕ್ಕದ, ನಾಲ್ಕು ತಾಳದ ವೇಗದ ನಡೆಯನ್ನು ಹುಟ್ಟಿನಿಂದಲೇ ಪಡೆದಿರುತ್ತವೆ. ಮಾರವಾಡಿ ಕುದುರೆಗಳಲ್ಲಿ ಕೆಲವಕ್ಕಿರುವ ರೇವಾಲ್ ನಡೆ ಈ ಜಾತಿಯದು. ಸ್ವೀಡನ್ನಿನ ವಿಜ್ಞಾನಿಗಳ ನೇತೃತ್ವದ ತಂಡವೊಂದು 2012ರಲ್ಲಿ ಡಿಎಂಆರ್‌ಟಿ3 ಎಂಬ ಒಂದೇ ವಂಶವಾಹಿಯ ಬದಲಾವಣೆಗೂ ಇಂಥ ನಡೆಗಳಿಗೂ ಇರುವ ಸಂಬಂಧವನ್ನು ತೋರಿಸಿತು.

ಟೆನೆಸೀ ವಾಕರ್‌ನ ವಿಶೇಷ ಫ್ಲಾಟ್ ವಾಕ್ ಮತ್ತು ರನ್ನಿಂಗ್ ವಾಕ್ ಎಂಬ ಎರಡು ನಡೆಗಳು. ಹೆಜ್ಜೆಯ ಕ್ರಮ ಎರಡರಲ್ಲೂ ಸಾಮಾನ್ಯ ನಡಿಗೆಯದೇ, ವೇಗ ಮಾತ್ರ ಬೇರೆ. ಫ್ಲಾಟ್ ವಾಕ್ ಗಂಟೆಗೆ 4ರಿಂದ 8 ಮೈಲಿಯಷ್ಟಿರುತ್ತದೆ, ರನ್ನಿಂಗ್ ವಾಕ್ ಅದಕ್ಕೂ ಮಿಗಿಲು. ಪ್ರತಿ ಹೆಜ್ಜೆಗೂ ತಲೆ ತೂಗುತ್ತದೆ, ಹಿಂಗಾಲು ಮುಂಗಾಲಿನ ಗುರುತನ್ನು ದಾಟಿ ಮುಂದೆ ಬೀಳುತ್ತದೆ. ಕೊಳ್ಳುವವರು ಇದನ್ನೇ ಕೇಳುತ್ತಾರೆ. ಮಳೆ ಬಂದು ಹೋದ ಮರುದಿನ ಹಸಿ ಮಣ್ಣಿನ ಹಾದಿಯಲ್ಲಿ ಕುದುರೆಯನ್ನು ನಡೆಸಿ, ಒಂದು ಬದಿಯ ಮುಂಗಾಲಿನ ಗೊರಸಿನ ಗುರುತಿನಿಂದ ಅದೇ ಬದಿಯ ಹಿಂಗಾಲಿನ ಗುರುತಿಗೆ ಟೇಪು ಹಿಡಿದು ಅಳೆಯಿರಿ, ಟೇಪು ಕಾಣುವಂತೆ ಫೋಟೊ ತೆಗೆಯಿರಿ. ಹೇಮಾಳದು ಹನ್ನೊಂದು ಇಂಚು ಬಂತು. ಆ ಒಂದು ಫೋಟೊ ನೋಡಿಯೇ ಇಬ್ಬರು ಫೋನು ಮಾಡಿದರು.

ಇದರೊಂದಿಗೆ ದೋಷವನ್ನೂ ಹೇಳಬೇಕು. ಎಳೆಯ ವಾಕರ್‌ಗಳು ದಣಿದಾಗ ಅಥವಾ ಇಳಿಜಾರಿನಲ್ಲಿ ಒಂದೇ ಬದಿಯ ಎರಡು ಕಾಲುಗಳನ್ನು ಒಟ್ಟಿಗೆ ಎತ್ತಿಡುವ ಪೇಸ್‌ಗೆ ಜಾರುವುದುಂಟು. ಆಗ ಸವಾರ ದೋಣಿಯಲ್ಲಿ ಕುಳಿತಂತೆ ಎಡಬಲಕ್ಕೆ ತೊನೆಯುತ್ತಾನೆ. ನಿಮ್ಮ ಕುದುರೆ ಯಾವಾಗ ಪೇಸ್‌ಗೆ ಇಳಿಯುತ್ತದೆ, ಯಾವ ಸೂಚನೆ ಕೊಟ್ಟರೆ ಮರಳಿ ತಾಳಕ್ಕೆ ಬರುತ್ತದೆ ಎಂದು ಬರೆಯಿರಿ.

ಲಾಳದ ವಿಷಯವನ್ನು ಮುಚ್ಚಿಡದೆ ಹೇಳುವುದು ಈ ತಳಿಯಲ್ಲಿ ವಿಶೇಷವಾಗಿ ಅಗತ್ಯ. ಪ್ರದರ್ಶನದ ಕುದುರೆಗಳ ಕಾಲಿಗೆ ರಾಸಾಯನಿಕ ಹಚ್ಚಿಯೋ ಸರಪಳಿ ಕಟ್ಟಿಯೋ ನೋವು ಕೊಟ್ಟು ಕಾಲನ್ನು ಎತ್ತರಕ್ಕೆ ಎತ್ತಿಸುವ ಕ್ರೂರ ಪದ್ಧತಿಯಿಂದ ವಾಕರ್ ತಳಿಗೆ ಕೆಟ್ಟ ಹೆಸರು ಅಂಟಿಕೊಂಡಿದೆ. ಅದನ್ನು ತಡೆಯಲೆಂದೇ ಅಮೆರಿಕದ ಸಂಸತ್ತು 1970ರಲ್ಲಿ ಕುದುರೆ ಸಂರಕ್ಷಣಾ ಕಾಯಿದೆಯನ್ನು ಮಾಡಿತು. ಹಾದಿಯ ಸವಾರಿಗೆ ಕೊಳ್ಳುವವರು ಆ ಲೋಕದಿಂದ ಬಂದ ಕುದುರೆಯನ್ನು ಒಲ್ಲರು. ಬರಿಗಾಲೋ ಸಾದಾ ಲಾಳವೋ, ಎಷ್ಟು ವಾರಕ್ಕೊಮ್ಮೆ ಗೊರಸು ಕತ್ತರಿಸುತ್ತೀರಿ ಎಂಬುದನ್ನು ಬರೆದು, ನಾಲ್ಕೂ ಗೊರಸುಗಳ ಚಿತ್ರ ಹಾಕಿ.

ಮೂರನೆಯ ಹಂತ: ಅಳತೆ ಮತ್ತು ಕಾಗದಪತ್ರ

ಎತ್ತರವನ್ನು ಹೆಗಲಿನ ದಿಣ್ಣೆಯ ಬಳಿ, ಸಮನೆಲದಲ್ಲಿ, ಅಳತೆಗೋಲಿನಿಂದಲೇ ಅಳೆಯಿರಿ. ಒಂದು ಹ್ಯಾಂಡ್ ಎಂದರೆ 4 ಇಂಚು, 15.1 ಎಂದು ಬರೆದರೆ ಹದಿನೈದು ಹ್ಯಾಂಡ್ ಮತ್ತು ಒಂದು ಇಂಚು, ಅಂದರೆ 61 ಇಂಚು ಎಂದರ್ಥವೇ ಹೊರತು ದಶಮಾಂಶವಲ್ಲ. ತೂಕಕ್ಕೆ ತಕ್ಕಡಿ ಸಿಗದಿದ್ದರೆ, ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಭುಜದಿಂದ ಪೃಷ್ಠದವರೆಗಿನ ಉದ್ದದಿಂದ ಗುಣಿಸಿ, 330ರಿಂದ ಭಾಗಿಸಿದರೆ ಪೌಂಡ್‌ಗಳಲ್ಲಿ ಅಂದಾಜು ದೊರೆಯುತ್ತದೆ. ಸುತ್ತಳತೆ 72 ಇಂಚು, ಉದ್ದ 66 ಇಂಚು ಇದ್ದರೆ ತೂಕ ಸುಮಾರು 1,037 ಪೌಂಡ್. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಶೇಕಡಾ 20ನ್ನು ಮೀರಬಾರದೆಂಬ ರೂಢಿಯ ಲೆಕ್ಕ ಹಿಡಿದರೆ ಇಂಥ ಕುದುರೆಗೆ ಒಟ್ಟು 207 ಪೌಂಡ್, ಜೀನಿನ 30 ಪೌಂಡ್ ಕಳೆದರೆ ಸವಾರನಿಗೆ ಸುಮಾರು 80 ಕಿಲೊ. ಈ ಮಿತಿಯನ್ನು ಜಾಹೀರಾತಿನಲ್ಲೇ ಹಾಕಿಬಿಟ್ಟರೆ ಎದುರಿಗೆ ಬಂದವರಿಗೆ ಹೇಳುವ ಮುಜುಗರ ತಪ್ಪುತ್ತದೆ.

ವಯಸ್ಸಿಗೆ ನೋಂದಣಿ ಪತ್ರವೇ ಆಧಾರ, ಆದರೂ ಬಂದವರು ಬಾಯಿ ಬಿಡಿಸಿ ನೋಡಿದರೆ ಬೇಸರಿಸಬೇಡಿ. ದಾನವಾಗಿ ಬಂದ ದನದ ಹಲ್ಲು ಎಣಿಸಬಾರದು ಎನ್ನುತ್ತಾರೆ, ಆದರೆ ಇವರು ದುಡ್ಡು ಕೊಟ್ಟು ಕೊಳ್ಳುವವರು. ಐದರ ಹೊತ್ತಿಗೆ ಕುದುರೆಯ ಮುಂಬಾಯಿಯ ಹಾಲುಹಲ್ಲುಗಳೆಲ್ಲ ಬಿದ್ದು ಕಾಯಂ ಹಲ್ಲುಗಳು ಬಂದಿರುತ್ತವೆ.

ಟೆನೆಸೀ ವಾಕರ್‌ಗಳ ವಂಶಾವಳಿಯನ್ನು ಕಾಯುವ ತಳಿಗಾರರ ಸಂಘ 1935ರಿಂದ ಲೂಯಿಸ್‌ಬರ್ಗ್ ಪಟ್ಟಣದಲ್ಲಿದೆ. ನೋಂದಣಿ ಪತ್ರ ನಿಮ್ಮದೇ ಹೆಸರಿನಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಹಿಂದಿನ ಮಾಲೀಕರಿಂದ ವರ್ಗಾವಣೆಯಾಗದ ಪತ್ರ ಕೊನೆಯ ಗಳಿಗೆಯಲ್ಲಿ ವ್ಯವಹಾರವನ್ನು ಕೆಡಿಸಬಲ್ಲದು.

ಎಲ್ಲಕ್ಕಿಂತ ಅನಿವಾರ್ಯವಾದದ್ದು ಕಾಗಿನ್ಸ್ ಪರೀಕ್ಷೆಯ ವರದಿ. ರಕ್ತ ಹೀರುವ ನೊಣಗಳಿಂದ ಹರಡುವ ಸಾಂಕ್ರಾಮಿಕ ರಕ್ತಹೀನತೆಗೆ ಚಿಕಿತ್ಸೆಯೂ ಇಲ್ಲ, ಇಲ್ಲಿ ಲಸಿಕೆಯೂ ಇಲ್ಲ. ಸೋಂಕು ತಗುಲಿದ ಕುದುರೆಗೆ ದಯಾಮರಣ ಅಥವಾ ಜೀವನಪರ್ಯಂತ ಪ್ರತ್ಯೇಕ ವಾಸ, ಎರಡೇ ದಾರಿ. ಲೀರಾಯ್ ಕಾಗಿನ್ಸ್ ಎಂಬ ಪಶುವೈದ್ಯ ವಿಜ್ಞಾನಿ ರೂಪಿಸಿದ ಈ ರಕ್ತಪರೀಕ್ಷೆಯಲ್ಲಿ ಸೋಂಕಿಲ್ಲವೆಂಬ ವರದಿ ಇಲ್ಲದೆ ಕುದುರೆಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವಂತಿಲ್ಲ. ಸಾಮಾನ್ಯವಾಗಿ ವರದಿ 12 ತಿಂಗಳೊಳಗಿನದಾಗಿರಬೇಕು, ಇದರ ಜೊತೆಗೆ ಬೇಕಾಗುವ ಆರೋಗ್ಯ ಪತ್ರದ ಅವಧಿ ಸಾಮಾನ್ಯವಾಗಿ 30 ದಿನ. ಹೋಗುವ ರಾಜ್ಯದ ನಿಯಮವನ್ನು ನಿಮ್ಮ ಪಶುವೈದ್ಯರಿಂದ ಖಚಿತಪಡಿಸಿಕೊಳ್ಳಿ. ನಮ್ಮೂರ ಜಾತ್ರೆಗಳಲ್ಲಿ ಸುಳಿ ನೋಡುವುದು ಶುಭಾಶುಭ ತಿಳಿಯಲು. ಇಲ್ಲಿ ಹಣೆಯ ಸುಳಿ, ಬಿಳಿ ಮಚ್ಚೆಗಳನ್ನೆಲ್ಲ ಬರೆದುಕೊಳ್ಳುವುದು ಪತ್ರದಲ್ಲಿರುವ ಕುದುರೆಯೇ ಎದುರಿಗಿರುವ ಕುದುರೆ ಎಂದು ಗುರುತಿಸಲು.

ಲಸಿಕೆ, ಜಂತುಹುಳು ಔಷಧಿ, ಹಲ್ಲಿನ ಚೂಪು ಅಂಚುಗಳನ್ನು ಅರದಿಂದ ಉಜ್ಜಿಸಿದ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಹೆಣ್ಣುಕುದುರೆಯಾದ್ದರಿಂದ ಬೆದೆಯ ವಿಷಯವನ್ನು ಕೇಳಿಯೇ ಕೇಳುತ್ತಾರೆ. ವಸಂತ ಮತ್ತು ಬೇಸಿಗೆಯಲ್ಲಿ ಸುಮಾರು 21 ದಿನಕ್ಕೊಮ್ಮೆ ಬೆದೆ ಬರುತ್ತದೆ, ಆ ಐದಾರು ದಿನ ಅದರ ವರ್ತನೆ ಬದಲಾಗುವುದಿದ್ದರೆ ಹೇಗೆಂದು ಹೇಳಿ. ಬೇಲಿಯ ಆಚೆ ಗಂಡುಕುದುರೆ ಇದ್ದರೆ ಗರ್ಭ ಪರೀಕ್ಷೆಯನ್ನೂ ಮಾಡಿಸಿಬಿಡಿ.

ನಾಲ್ಕನೆಯ ಹಂತ: ಜಾಹೀರಾತು, ವಿಡಿಯೊ, ಬೆಲೆ

ವಿಡಿಯೊವನ್ನು ಕತ್ತರಿಸದೆ, ಹಾಡು ಸೇರಿಸದೆ ಹಾಕಿ. ಹೆಜ್ಜೆಯ ತಾಳ ಕಿವಿಗೆ ಕೇಳಿಸಬೇಕು. ಹುಲ್ಲುಗಾವಲಿನಲ್ಲಿ ಹಿಡಿಯುವುದರಿಂದ ಆರಂಭಿಸಿ, ಕಾಲೆತ್ತಿಸುವುದು, ಜೀನು ಬಿಗಿಯುವುದು, ಹತ್ತುವುದು, ಪಕ್ಕದಿಂದ ಕಾಣುವಂತೆ ಫ್ಲಾಟ್ ವಾಕ್, ರನ್ನಿಂಗ್ ವಾಕ್ ಮತ್ತು ಕ್ಯಾಂಟರ್ ಎಂಬ ನೆಗೆತದ ಓಟ ಈ ಮೂರೂ ನಡೆಗಳು, ಕೊನೆಗೆ ಟ್ರೇಲರ್ ಹತ್ತಿಸುವುದು, ಇಷ್ಟೂ ಇರಲಿ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಪ್ರಾಣಿಗಳ ಮಾರಾಟಕ್ಕೆ ಅವಕಾಶವಿಲ್ಲವಾದ್ದರಿಂದ ಕುದುರೆಗಳಿಗೆಂದೇ ಇರುವ ಜಾಹೀರಾತು ತಾಣಗಳನ್ನು ಬಳಸಿ. ಲಾಳ ಕಟ್ಟುವವರಿಗೂ ಪಶುವೈದ್ಯರಿಗೂ ಹೇಳಿಡಿ, ನನ್ನ ಅನುಭವದಲ್ಲಿ ಒಳ್ಳೆಯ ಮನೆಗಳ ಸುದ್ದಿ ಬರುವುದು ಅವರಿಂದಲೇ.

ಜಾಹೀರಾತಿನ ಮಾತುಗಳಿಗೆ ಕಾನೂನಿನ ತೂಕವೂ ಇದೆ. ಅಮೆರಿಕದ ವಾಣಿಜ್ಯ ಸಂಹಿತೆಯ ಪ್ರಕಾರ ಕುದುರೆಯೂ ಒಂದು ಸರಕು. "ಒಳ್ಳೆಯ ಕುದುರೆ" ಎಂಬುದು ಮಾರುವವನ ಅಭಿಪ್ರಾಯವೆನಿಸಿಕೊಂಡೀತು. ಆದರೆ "ಎಂದೂ ಕುಂಟಿಲ್ಲ" ಎಂದು ಬರೆದರೆ, ಅದನ್ನು ನಂಬಿ ಕೊಂಡವರ ಪಾಲಿಗೆ ಅದು ಖಾತರಿಯಾಗಬಲ್ಲದು. ಆದ್ದರಿಂದ ನಿಮಗೆ ಖಚಿತವಾಗಿ ಗೊತ್ತಿರುವುದನ್ನು, ಗೊತ್ತಿರುವಷ್ಟೇ ಬರೆಯಿರಿ, ಉದಾಹರಣೆಗೆ: "ಮೂರು ವರ್ಷದಿಂದ ನಮ್ಮಲ್ಲಿದೆ, ಈ ಅವಧಿಯಲ್ಲಿ ಒಮ್ಮೆ ಗೊರಸಿನ ಕೀವಿನಿಂದ ಹತ್ತು ದಿನ ಕುಂಟಿತ್ತು."

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಕೊಂಚ ಕಟುವಾದದ್ದು. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ನೋಡಿ ಬೆಳೆದ ನಮಗೆ ಚೌಕಾಸಿ ಸಹಜ. ಆದರೆ ಇಲ್ಲಿ ಬೇಗ ಮಾರಿಹೋಗಲೆಂದು ತೀರಾ ಅಗ್ಗದ ಬೆಲೆ ಇಟ್ಟರೆ ಕುದುರೆಯ ಮಾಂಸದ ವ್ಯಾಪಾರಿಗಳ ಕಣ್ಣೂ ಬೀಳುತ್ತದೆ. ಅಮೆರಿಕದ ಕೊನೆಯ ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದ ಮೇಲೂ ಮೆಕ್ಸಿಕೊ ಮತ್ತು ಕೆನಡಾಗಳಿಗೆ ಸಾಗಾಟ ನಿಲ್ಲಲಿಲ್ಲ. ಅದೇ ವಯಸ್ಸಿನ, ಅದೇ ತರಬೇತಿಯ ಹತ್ತಾರು ಕುದುರೆಗಳ ಬೆಲೆ ನೋಡಿ, ನಡುವಿಗಿಂತ ತುಸು ಮೇಲಿನ ಬೆಲೆ ಇಟ್ಟು, ಅದನ್ನು ಜಾಹೀರಾತಿನಲ್ಲೇ ನಮೂದಿಸಿ.

ಐದನೆಯ ಹಂತ: ನೋಡಲು ಬಂದ ದಿನ

ಫೋನಿನಲ್ಲೇ ಅವರ ಸವಾರಿಯ ಅನುಭವ, ತೂಕ, ಕುದುರೆ ಇರುವ ಜಾಗ, ಅದಕ್ಕೆ ಜೊತೆ ಇದೆಯೇ ಎಂಬುದನ್ನು ಕೇಳಿಕೊಳ್ಳಿ. ಮೊದಲ ಸಲ ಕುದುರೆ ಕೊಳ್ಳುವವರಿಗೆ ಐದು ವರ್ಷದ ಕುದುರೆ, ಎಷ್ಟೇ ಪಳಗಿದ್ದರೂ, ತಕ್ಕದ್ದಲ್ಲ ಎಂದು ನಾನು ಭಾವಿಸುತ್ತೇನೆ. ಅದಕ್ಕೆ ಲೋಕಾನುಭವ ಕಡಿಮೆ, ತಪ್ಪು ಕಲಿಸಿದರೆ ಅದನ್ನೂ ಬೇಗ ಕಲಿಯುತ್ತದೆ. ಈ ಕಾರಣಕ್ಕೆ ಪೂರ್ತಿ ಹಣ ಹಿಡಿದು ಬಂದಿದ್ದ ಒಂದು ಕುಟುಂಬಕ್ಕೆ ಇಲ್ಲವೆಂದೆ, ಹದಿನಾಲ್ಕು ವರ್ಷದ ಕುದುರೆಯೊಂದರ ವಿಳಾಸ ಕೊಟ್ಟು ಕಳುಹಿಸಿದೆ.

ಅವರು ಬರುವ ಮುನ್ನ ಕುದುರೆಯನ್ನು ಓಡಿಸಿ ದಣಿಸಬೇಡಿ, ಜೀನು ಕಟ್ಟಿ ನಿಲ್ಲಿಸಿಯೂ ಇರಬೇಡಿ. ಬಲ್ಲವರು ಬೆನ್ನಿನ ಮೇಲೆ ಬೆವರಿನ ಗುರುತನ್ನು ಹುಡುಕುತ್ತಾರೆ. ಅದು ಹುಲ್ಲುಗಾವಲಿನಲ್ಲೇ ಇರಲಿ, ಅವರೆದುರೇ ಹಿಡಿಯಿರಿ. ಮೊದಲು ನೀವು ಸವಾರಿ ಮಾಡಿ, ಆಮೇಲೆ ಅವರು. ಹೆಲ್ಮೆಟ್ ಇಲ್ಲದವರನ್ನು ಹತ್ತಿಸಬೇಡಿ, ಪೆಟ್ಟಾದರೆ ಹೊಣೆ ತಮ್ಮದೇ ಎಂಬ ಪತ್ರಕ್ಕೆ ಸಹಿ ಪಡೆಯದೆ ಹತ್ತಿಸಲೇಬೇಡಿ. ಮನೆಗೆ ಒಯ್ದು ತಿಂಗಳು ನೋಡುತ್ತೇವೆ ಎಂಬ ಕೋರಿಕೆಗೆ ನಾನು ಒಪ್ಪಲಿಲ್ಲ, ಬದಲಾಗಿ ಎಷ್ಟು ಸಲ ಬೇಕಾದರೂ ಬನ್ನಿ, ಮುನ್ಸೂಚನೆ ಇಲ್ಲದೆಯೂ ಬನ್ನಿ ಎಂದೆ. ಕೊನೆಗೆ ಕೊಂಡ ಮಹಿಳೆ ನಾಲ್ಕು ಸಲ ಬಂದರು. ಒಮ್ಮೆ ಗಾಳಿ ಮಳೆಯ ದಿನವೇ ಬೇಕೆಂದು ಬಂದರು.

ಆರನೆಯ ಹಂತ: ತಪಾಸಣೆ, ಹಣ, ಕರಾರು

ಕೊಳ್ಳುವ ಮುನ್ನಿನ ವೈದ್ಯಕೀಯ ತಪಾಸಣೆಯ ಖರ್ಚು ಕೊಳ್ಳುವವರದು. ವೈದ್ಯರು ನಿಮ್ಮ ಕುದುರೆಯನ್ನು ನೋಡಿಕೊಳ್ಳುವವರಲ್ಲದೆ ಬೇರೆಯವರಾಗಿದ್ದರೆ ಎರಡೂ ಕಡೆಗೆ ನೆಮ್ಮದಿ. ಕೀಲನ್ನು ಮಡಚಿ ಹಿಡಿದು ಬಿಟ್ಟು, ಕೂಡಲೇ ಟ್ರಾಟ್ ಮಾಡಿಸಿ ಕುಂಟು ಹುಡುಕುವುದು ಈ ತಪಾಸಣೆಯ ಮುಖ್ಯ ಭಾಗ. ಟ್ರಾಟನ್ನೇ ಮಾಡದ ವಾಕರ್‌ಗಳಲ್ಲಿ ಇದನ್ನು ಓದುವುದು ಕಷ್ಟ, ಆದ್ದರಿಂದ ಇಂಥ ತಳಿಗಳ ರೂಢಿಯಿರುವ ವೈದ್ಯರನ್ನೇ ಕರೆಯಲು ಸೂಚಿಸಿ. ಮದ್ದಿನ ಪತ್ತೆಗೆ ರಕ್ತ ತೆಗೆಯಲು ಅವರು ಹಿಂಜರಿದರೆ ನೀವೇ ಹೇಳಿ. ನನ್ನ ಮೊದಲ ಕುದುರೆಯ ಪಾಠ ನೆನಪಿದ್ದುದರಿಂದ ನಾನು ಆ ಮಾತನ್ನು ಅವರಿಗಿಂತ ಮೊದಲೇ ಎತ್ತಿದ್ದೆ.

ಹಣದಲ್ಲಿ ಮೋಸ ನಡೆಯುವ ದಾರಿ ಬಹುತೇಕ ಒಂದೇ: ಕುದುರೆಯನ್ನು ನೋಡದೆಯೇ ಒಪ್ಪುತ್ತಾರೆ, ಬೆಲೆಗಿಂತ ಹೆಚ್ಚಿನ ಮೊತ್ತದ ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ತನ್ನ ಹೊಣೆಯಲ್ಲಿ ಬರೆದುಕೊಡುವ ಚೆಕ್) ಕಳುಹಿಸುತ್ತಾರೆ, ಹೆಚ್ಚುವರಿಯನ್ನು ಸಾಗಣೆಯವನಿಗೆ ರವಾನಿಸಿರಿ ಎನ್ನುತ್ತಾರೆ. ಖಾತೆಯಲ್ಲಿ ಹಣ ಕಾಣಿಸಿದ ವಾರಗಳ ನಂತರವೂ ಚೆಕ್ ನಕಲಿಯೆಂದು ತಿಳಿದರೆ ಬ್ಯಾಂಕು ಅಷ್ಟನ್ನೂ ನಿಮ್ಮಿಂದ ವಸೂಲು ಮಾಡುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆ, ಇಲ್ಲವೇ ಅವರ ಬ್ಯಾಂಕಿನಲ್ಲೇ ಎದುರಾಎದುರು ಕುಳಿತು ಪಡೆದ ಹಣ, ಇವೆರಡನ್ನು ಬಿಟ್ಟು ಬೇರೆ ಒಪ್ಪಬೇಡಿ.

500 ಡಾಲರ್ ಅಥವಾ ಅದಕ್ಕೂ ಮೇಲಿನ ಸರಕಿನ ಮಾರಾಟ ಬರಹದಲ್ಲಿರಬೇಕೆಂದು ವಾಣಿಜ್ಯ ಸಂಹಿತೆ ಹೇಳುತ್ತದೆ. ಕರಾರಿನಲ್ಲಿ ಕುದುರೆಯ ಗುರುತು, ನೋಂದಣಿ ಸಂಖ್ಯೆ, ಬೆಲೆ, ಮುಂಗಡ ಯಾವ ಸಂದರ್ಭದಲ್ಲಿ ಮರಳುತ್ತದೆ, ಹೊಣೆ ಯಾವ ಗಳಿಗೆಯಿಂದ ಅವರದಾಗುತ್ತದೆ, ಇದ್ದ ಸ್ಥಿತಿಯಲ್ಲೇ ಮಾರಲಾಗಿದೆ ಎಂಬುದೆಲ್ಲ ಇರಲಿ. ನಿಮಗೆ ತಿಳಿದ ದೋಷಗಳ ಪಟ್ಟಿಯನ್ನೂ ಕರಾರಿಗೆ ಲಗತ್ತಿಸಿ ಅದಕ್ಕೂ ಸಹಿ ಪಡೆಯಿರಿ. ಮುಂದೆ ಮಾರುವುದಾದರೆ ಮೊದಲು ನಮ್ಮನ್ನು ಕೇಳಬೇಕೆಂಬ ಷರತ್ತನ್ನು ನಾವು ಸೇರಿಸಿದೆವು. ಇಂಥ ಷರತ್ತುಗಳನ್ನು ಜಾರಿಗೆ ತರುವುದು ಸುಲಭವಲ್ಲ, ಆದ್ದರಿಂದ ಆ ಭಾಗವನ್ನು ವಕೀಲರಿಂದ ಬರೆಸಿ.

ಕೊನೆಯ ಹಂತ: ಟ್ರೇಲರ್ ಹತ್ತಿದ ಮೇಲೆ

ಮೇವು ಏಕಾಏಕಿ ಬದಲಾದರೆ ಕುದುರೆಗೆ ಹೊಟ್ಟೆನೋವು ಬರಬಹುದು, ಅದು ಪ್ರಾಣಕ್ಕೂ ಮುಳುವಾಗಬಹುದು. ಅದಕ್ಕೇ ಹತ್ತು ದಿನಕ್ಕಾಗುವಷ್ಟು ನಿಮ್ಮದೇ ಒಣಹುಲ್ಲನ್ನು ಜೊತೆಗೆ ಕಳುಹಿಸಿ, ಹೊಸದರೊಂದಿಗೆ ಬೆರೆಸುತ್ತ ಹೋಗಲು ಹೇಳಿ. ತಿನಿಸಿನ ಪ್ರಮಾಣ, ಕಡಿವಾಣದ ಬಗೆ, ಗೊರಸು ಕತ್ತರಿಸಿದ ದಿನಾಂಕ, ಕುದುರೆಗೆ ಇಷ್ಟವಾಗದ ಸಂಗತಿಗಳು ಇವನ್ನೆಲ್ಲ ಒಂದು ಪುಟದಲ್ಲಿ ಬರೆದುಕೊಡಿ.

ನಾನು ಬರೆದುಕೊಟ್ಟ ಪುಟದಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು. ನಾಲ್ಕನೆಯ ದಿನ ಆಕೆ ಫೋನು ಮಾಡಿ, ಉಳಿದದ್ದೆಲ್ಲ ಸರಿ, ಆದರೆ ಹೊಸ ಹುಲ್ಲುಗಾವಲಿನಲ್ಲಿ ಕುದುರೆ ಕರೆದರೆ ಬರುತ್ತಿಲ್ಲ ಎಂದರು. ನಿಲ್ಲಿಸುವ ಪದವನ್ನು ಇಂಗ್ಲಿಷಿಗೆ ಬದಲಿಸಿದ್ದ ನಾವು ಕರೆಯುವ ಪದವನ್ನು ಮರೆತೇಬಿಟ್ಟಿದ್ದೆವು. "ಬಾಮ್ಮಾ" ಎಂಬುದನ್ನು ಫೋನಿನಲ್ಲೇ ಮೂರು ಸಲ ಹೇಳಿಸಿದೆ. ಕೊನೆಯ ಅಕ್ಷರವನ್ನು ಎಳೆಯಬೇಕೆಂದೂ, ತಿನಿಸಿನ ಬಕೆಟ್ಟನ್ನು ಒಮ್ಮೆ ಕುಲುಕಿ ಬೆನ್ನು ತಿರುಗಿಸಿ ನಿಲ್ಲಬೇಕೆಂದೂ ತಿಳಿಸಿದೆ. ಸಂಜೆ ಒಂದು ಚಿಕ್ಕ ವಿಡಿಯೊ ಬಂತು: ಬಕೆಟ್ಟಿನಲ್ಲಿ ಮುಖ ಹುದುಗಿಸಿಕೊಂಡ ಹೇಮಾ, ಪಕ್ಕದಲ್ಲಿ ಅದರ ತಲೆಗೆ ಹಾಕುವ ಹಾಲ್ಟರ್ ಪಟ್ಟಿ ಹಿಡಿದು ನಿಂತ ಆಕೆ.